ಕೋಟಿಗಟ್ಟಲೆ ಸಾಲುಗಳ ಡೇಟಾ ಅಳಿಸಲು ಗಂಟೆಗಟ್ಟಲೆ ಏಕೆ ಬೇಕು? ‘ಡಿಲೀಟ್’ ಹಿಂದೆ ನಡೆಯುವುದೇನು? ಇಲ್ಲಿದೆ ಪೂರ್ಣ ವಿವರ

ಕೊಂಡಾಪುರ (ಹೈದರಾಬಾದ್): ಮೊಬೈಲ್‌ನಲ್ಲಿರುವ ಒಂದು ಫೋಟೋ ಅಳಿಸಲು ಒಂದು ಸೆಕೆಂಡ್ ಸಾಕು. ಆದರೆ ದೊಡ್ಡ ಕಂಪನಿಯೊಂದರ ಡೇಟಾಬೇಸ್‌ನಿಂದ ಹಳೆಯ ಮಾಹಿತಿ ಅಳಿಸಲು ಒಂದು ಇಡೀ ರಾತ್ರಿ ಸಾಲದೇ ಹೋಗಬಹುದು. ಹೈಟೆಕ್ ಸಿಟಿ ಮತ್ತು ಗಚ್ಚಿಬೌಲಿಗೆ ಹೊಂದಿಕೊಂಡಿರುವ ಕೊಂಡಾಪುರದಂಥ ಐಟಿ ಬಡಾವಣೆಗಳಲ್ಲಿ ರಾತ್ರಿ ಪಾಳಿ ಮಾಡುವ ಡೇಟಾಬೇಸ್ ನಿರ್ವಾಹಕರಿಗೆ, ಅಂದರೆ ಡಿಬಿಎಗಳಿಗೆ, ಇದು ಹೊಸ ವಿಷಯವೇನಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಕನ್ನಡಿಗ ಟೆಕ್ಕಿಗಳೂ ಈ ತಲೆನೋವನ್ನು ಬಲ್ಲರು.

ಈಗ ಇದು ಟೆಕ್ಕಿಗಳಿಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ‘ನನ್ನ ಮಾಹಿತಿ ಅಳಿಸಿ’ ಎಂದು ಕೇಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ನಾಗರಿಕರಿಗೆ ಕೊಟ್ಟಿದೆ. ಹಾಗಾದರೆ ಅಳಿಸುವ ಕೆಲಸ ಅಷ್ಟು ನಿಧಾನವೇಕೆ? ಕಂಪನಿಗಳು ಬೇಕೆಂದೇ ತಡ ಮಾಡುತ್ತವೆಯೇ, ಅಥವಾ ಯಂತ್ರದೊಳಗೇ ಕಾರಣವಿದೆಯೇ? ಬನ್ನಿ, ಒಂದೊಂದಾಗಿ ನೋಡೋಣ.

ಡೇಟಾಬೇಸ್ ಟೇಬಲ್ ಅಂದರೆ ಏನು?

ಡೇಟಾಬೇಸ್ ಟೇಬಲ್ ಎಂದರೆ ಗೆರೆ ಹಾಕಿದ ದೊಡ್ಡ ರಿಜಿಸ್ಟರ್ ಪುಸ್ತಕವಿದ್ದಂತೆ. ಅದರಲ್ಲಿ ಒಬ್ಬ ಗ್ರಾಹಕ, ಒಂದು ಆರ್ಡರ್ ಅಥವಾ ಒಂದು ಒಟಿಪಿ ಸಂದೇಶಕ್ಕೆ ಒಂದೊಂದು ಸಾಲು. ಈ ಸಾಲುಗಳು ಡಿಸ್ಕ್‌ನಲ್ಲಿ ‘ಪೇಜ್’ ಎಂಬ ಸಣ್ಣ ತುಂಡುಗಳಲ್ಲಿ ಕೂತಿರುತ್ತವೆ. ಮೈಎಸ್‌ಕ್ಯುಎಲ್‌ನಲ್ಲಿ ಒಂದು ಪೇಜ್ ಸಾಮಾನ್ಯವಾಗಿ 16 ಕೆಬಿ, ಪೋಸ್ಟ್‌ಗ್ರೆಸ್‌ನಲ್ಲಿ 8 ಕೆಬಿ.

ಒಂದು ಲೆಕ್ಕ ಹಾಕಿ ನೋಡಿ. ಟೇಬಲ್‌ನಲ್ಲಿ 100 ಕೋಟಿ ಸಾಲುಗಳಿವೆ, ಸರ್ವರ್ ಸೆಕೆಂಡಿಗೆ 10 ಸಾವಿರ ಸಾಲು ಅಳಿಸುತ್ತದೆ ಎಂದುಕೊಳ್ಳಿ. ಕೇಳಲು ವೇಗವೇ. ಆದರೂ ಕೆಲಸ ಮುಗಿಯಲು 1 ಲಕ್ಷ ಸೆಕೆಂಡ್, ಅಂದರೆ ಸುಮಾರು 28 ಗಂಟೆ ಬೇಕು. ಅದೂ ಬೇರೆ ಯಾವ ಅಡ್ಡಿಯೂ ಬಾರದಿದ್ದರೆ!

ಅಳಿಸುವುದೂ ಒಂದು ಬರವಣಿಗೆಯೇ

ನಿಧಾನಕ್ಕೆ ಮೊದಲ ಮತ್ತು ಮುಖ್ಯ ಕಾರಣ ಇದು. ಡೇಟಾಬೇಸ್‌ನಲ್ಲಿ ‘ಡಿಲೀಟ್’ ಎಂದರೆ ಒರೆಸಿ ಹಾಕುವುದಲ್ಲ. ಅದೂ ಬರೆಯುವ ಕೆಲಸವೇ.

ನಮ್ಮೂರಿನ ಪಹಣಿಯನ್ನೇ ನೆನಪಿಸಿಕೊಳ್ಳಿ. ಪಹಣಿಯಿಂದ ಒಬ್ಬರ ಹೆಸರು ತೆಗೆಯಬೇಕೆಂದರೆ ಹಾಳೆ ಹರಿದುಹಾಕುವಂತಿಲ್ಲ. ಮ್ಯುಟೇಶನ್ ಆಗಬೇಕು, ಯಾವ ಆದೇಶದ ಮೇಲೆ ಹೆಸರು ಹೋಯಿತು ಎಂಬುದು ದಾಖಲಾಗಬೇಕು. ನಾಳೆ ತಕರಾರು ಬಂದರೆ ಹಿಂದಿನ ಸ್ಥಿತಿ ಏನಿತ್ತೆಂದು ತೋರಿಸಲು ಆಗಬೇಕು.

ಡೇಟಾಬೇಸ್ ಕೂಡ ಪ್ರತಿ ಸಾಲಿಗೂ ಇಂಥದ್ದೇ ದಾಖಲೆ ಇಡುತ್ತದೆ. ಮೈಎಸ್‌ಕ್ಯುಎಲ್ ಮತ್ತು ಒರಾಕಲ್‌ನಲ್ಲಿ ಅಳಿಸುವ ಮೊದಲು ಹಳೆಯ ಮಾಹಿತಿ ‘ಅಂಡೂ’ ದಾಖಲೆಗೆ ಹೋಗುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ಎಲ್ಲವನ್ನೂ ಮೊದಲಿನಂತೆ ಮಾಡಲು ಇದು ಬೇಕು. ಆಗುತ್ತಿರುವ ಬದಲಾವಣೆ ‘ರೀಡೂ’ ದಾಖಲೆಗೆ ಹೋಗುತ್ತದೆ. ಕರೆಂಟ್ ಹೋಗಿ ಸರ್ವರ್ ಬಿದ್ದರೂ ಎದ್ದ ಮೇಲೆ ಲೆಕ್ಕ ಸರಿಹೊಂದಿಸಲು ಇದು ಬೇಕು. ಹೀಗಾಗಿ 100 ಕೋಟಿ ಸಾಲು ಅಳಿಸುವಾಗ ಡಿಸ್ಕ್ ಖಾಲಿಯಾಗುವ ಬದಲು, ಕೆಲಸ ನಡೆಯುವಷ್ಟು ಹೊತ್ತು ಇನ್ನಷ್ಟು ತುಂಬುತ್ತಾ ಹೋಗಬಹುದು. ಜಾಗ ಉಳಿಸಲು ಡಿಲೀಟ್ ಶುರುಮಾಡಿ, ಕಡೆಗೆ ಡಿಸ್ಕ್ ತುಂಬಿ ಸರ್ವರ್ ನಿಂತುಹೋಗುವ ಅಪಾಯವಿರುವುದು ಇಲ್ಲಿಯೇ.

ಒಂದು ಸಾಲು, ಹತ್ತು ಕಡೆ ವಿಳಾಸ

ಎರಡನೇ ಕಾರಣ ಇಂಡೆಕ್ಸ್‌ಗಳು. ಹಳೆಯ ಗ್ರಂಥಾಲಯಗಳಲ್ಲಿ ಒಂದು ಪುಸ್ತಕಕ್ಕೆ ಲೇಖಕರ ಹೆಸರಿನಲ್ಲಿ, ಪುಸ್ತಕದ ಹೆಸರಿನಲ್ಲಿ, ವಿಷಯದ ಹೆಸರಿನಲ್ಲಿ ಬೇರೆ ಬೇರೆ ಕಾರ್ಡ್ ಇರುತ್ತಿದ್ದವು. ಕಪಾಟಿನಿಂದ ಪುಸ್ತಕ ತೆಗೆದರಷ್ಟೇ ಸಾಲದು, ಪ್ರತಿ ಡ್ರಾಯರ್‌ನಿಂದಲೂ ಅದರ ಕಾರ್ಡ್ ಹುಡುಕಿ ತೆಗೆಯಬೇಕು.

ಟೇಬಲ್‌ನಲ್ಲೂ ಹೀಗೆಯೇ. ಫೋನ್ ನಂಬರ್, ಇಮೇಲ್, ದಿನಾಂಕ ಎಂದು 5 ಇಂಡೆಕ್ಸ್‌ಗಳಿದ್ದರೆ ಮೂಲ ಸಾಲನ್ನೂ ಸೇರಿಸಿ ಆರು ಕಡೆ ಲೆಕ್ಕ ಸರಿಪಡಿಸಬೇಕು. 100 ಕೋಟಿ ಸಾಲಿಗೆ 600 ಕೋಟಿ ಜಾಗಗಳು! ಇವು ಡಿಸ್ಕ್‌ನಲ್ಲಿ ಪಕ್ಕಪಕ್ಕದಲ್ಲಿ ಇರುವುದಿಲ್ಲ. ಇಂಡೆಕ್ಸ್ ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡದಾಗಿದ್ದರೆ ಪ್ರತಿ ಬಾರಿಯೂ ಡಿಸ್ಕ್‌ನಿಂದ ಪೇಜ್ ತಂದು, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ವೇಗ ದಿಢೀರನೆ ಕುಸಿಯುವುದು ಇಲ್ಲೇ. (ಪೋಸ್ಟ್‌ಗ್ರೆಸ್ ಈ ಕೆಲಸವನ್ನು ಆಗಲೇ ಮಾಡದೆ, ನಂತರದ ಸ್ವಚ್ಛತೆಗೆ ಮುಂದೂಡುತ್ತದೆ.)

ನಂಟು ಬೆಳೆದಷ್ಟೂ ಕಷ್ಟ

ಮೂರನೇ ಕಾರಣ ‘ಫಾರಿನ್ ಕೀ’, ಅಂದರೆ ಟೇಬಲ್‌ಗಳ ನಡುವಿನ ನಂಟು. ಗ್ರಾಹಕರ ಟೇಬಲ್‌ನಿಂದ ಒಬ್ಬರನ್ನು ತೆಗೆಯುವ ಮುನ್ನ ಅವರ ಹೆಸರಿನಲ್ಲಿ ಆರ್ಡರ್ ಇದೆಯೇ, ಬಿಲ್ ಇದೆಯೇ, ದೂರು ಇದೆಯೇ ಎಂದು ಡೇಟಾಬೇಸ್ ಪರಿಶೀಲಿಸಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲೊಂದು ಪ್ರಸಿದ್ಧ ಹಳ್ಳವಿದೆ. ಆರ್ಡರ್ ಟೇಬಲ್‌ನಲ್ಲಿರುವ ಗ್ರಾಹಕ ಸಂಖ್ಯೆಗೆ ಅದು ತಾನಾಗಿಯೇ ಇಂಡೆಕ್ಸ್ ಮಾಡಿಕೊಡುವುದಿಲ್ಲ. ಇಂಡೆಕ್ಸ್ ಇಲ್ಲದಿದ್ದರೆ ಒಬ್ಬ ಗ್ರಾಹಕನನ್ನು ಅಳಿಸಿದಾಗಲೆಲ್ಲ ಆರ್ಡರ್ ಟೇಬಲ್ ಪೂರ್ತಿ ಓದಬೇಕು. ಸಾವಿರ ಗ್ರಾಹಕರನ್ನು ಅಳಿಸಿದರೆ ಸಾವಿರ ಬಾರಿ! ‘ಬರೀ ಸಾವಿರ ಸಾಲು, ಆದರೂ ಮುಗಿಯುತ್ತಿಲ್ಲ’ ಎಂಬ ಗೊಣಗಾಟಕ್ಕೆ ಬಹುಪಾಲು ಇದೇ ಮೂಲ. ಮೈಎಸ್‌ಕ್ಯುಎಲ್‌ನ ಇನೋಡಿಬಿ ಈ ಇಂಡೆಕ್ಸ್ ಅನ್ನು ತಾನೇ ಸೃಷ್ಟಿಸುತ್ತದೆ.

ಬೀಗ ಬಿದ್ದರೆ ಕ್ಯೂ ಬೆಳೆಯುತ್ತದೆ

ಅಳಿಸುತ್ತಿರುವ ಸಾಲನ್ನು ಅದೇ ಹೊತ್ತಿಗೆ ಬೇರೊಬ್ಬರು ತಿದ್ದಬಾರದು. ಅದಕ್ಕಾಗಿ ಸಾಲಿಗೆ ‘ಲಾಕ್’ ಬೀಳುತ್ತದೆ. ಒಂದೇ ಆದೇಶದಲ್ಲಿ ಕೋಟಿ ಸಾಲು ಅಳಿಸಿದರೆ ಕೆಲಸ ಪೂರ್ತಿ ಮುಗಿಯುವವರೆಗೂ ಬೀಗ ತೆಗೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಒಂದು ಆದೇಶ ಸುಮಾರು 5,000 ಲಾಕ್ ದಾಟಿದರೆ, ಒಂದೊಂದು ಸಾಲಿನ ಬದಲು ಇಡೀ ಟೇಬಲ್‌ಗೇ ಬೀಗ ಹಾಕಲು ಅದು ಯತ್ನಿಸುತ್ತದೆ. ಆಗ ಆ್ಯಪ್ ಬಳಸುತ್ತಿರುವ ಗ್ರಾಹಕರ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಇಂಥ ಕೆಲಸಗಳನ್ನು ಆದಷ್ಟು ಮಧ್ಯರಾತ್ರಿ ಮೇಲೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಅಳಿಸಿದರೂ ಜಾಗ ಏಕೆ ಖಾಲಿಯಾಗುವುದಿಲ್ಲ?

ನೀವು ಅಳಿಸುತ್ತಿರುವ ಹೊತ್ತಿಗೇ ಇನ್ನೊಬ್ಬರು ಅದೇ ಟೇಬಲ್ ಮೇಲೆ ತಿಂಗಳ ವರದಿ ತೆಗೆಯುತ್ತಿರಬಹುದು. ಅವರಿಗೆ ತಾವು ಶುರುಮಾಡಿದ ಕ್ಷಣದ ಚಿತ್ರವೇ ಕಾಣಬೇಕು, ಅರ್ಧ ಲೆಕ್ಕ ಸಿಗಬಾರದು. ಹಾಗಾಗಿ ಅಳಿಸಿದ ಸಾಲನ್ನು ಡೇಟಾಬೇಸ್ ತಕ್ಷಣ ಬಿಸಾಡುವುದಿಲ್ಲ. ‘ಇದು ಇನ್ನು ಇಲ್ಲ’ ಎಂದು ಗುರುತು ಹಾಕಿ ಅಲ್ಲೇ ಬಿಡುತ್ತದೆ.

ಕಸ ಗುಡಿಸುವುದು ಆಮೇಲೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ‘ವ್ಯಾಕ್ಯೂಮ್’ ಎಂದೇ ಹೆಸರು. ಮೈಎಸ್‌ಕ್ಯುಎಲ್‌ನಲ್ಲಿ ‘ಪರ್ಜ್’. ಪೋಸ್ಟ್‌ಗ್ರೆಸ್ 17ನೇ ಆವೃತ್ತಿಯವರೆಗಿನ ಮೂಲ ಹೊಂದಿಕೆಯಲ್ಲಿ ಟೇಬಲ್‌ನ ಸುಮಾರು ಶೇ 20ರಷ್ಟು ಸಾಲುಗಳು ಸತ್ತ ಮೇಲಷ್ಟೇ ಸ್ವಯಂ ವ್ಯಾಕ್ಯೂಮ್ ಶುರುವಾಗುತ್ತದೆ. 100 ಕೋಟಿ ಸಾಲಿನ ಟೇಬಲ್‌ನಲ್ಲಿ ಅದು 20 ಕೋಟಿ ಸತ್ತ ಸಾಲು! ಗುಡಿಸಿದ ಮೇಲೂ ಆ ಜಾಗ ಹೊಸ ಸಾಲುಗಳಿಗೆ ಸಿಗುತ್ತದೆಯೇ ಹೊರತು, ಸಾಮಾನ್ಯವಾಗಿ ಡಿಸ್ಕ್‌ನಲ್ಲಿ ಫೈಲ್‌ನ ಗಾತ್ರ ಕುಗ್ಗುವುದಿಲ್ಲ.

ಫೇಸ್‌ಬುಕ್‌ನಲ್ಲಿ ಹುಟ್ಟಿದ ಕಸಾಂಡ್ರಾ ಡೇಟಾಬೇಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಅಳಿಸಿದರೆ ‘ಟೂಂಬ್‌ಸ್ಟೋನ್’, ಅಂದರೆ ಸಮಾಧಿ ಕಲ್ಲು ಎಂಬ ಹೊಸ ದಾಖಲೆ ಸೇರುತ್ತದೆ. ಮೂಲ ಹೊಂದಿಕೆಯಂತೆ ಆ ಕಲ್ಲು ಕನಿಷ್ಠ 10 ದಿನ ಅಲ್ಲೇ ಇರುತ್ತದೆ. ಬೇರೆ ಸರ್ವರ್‌ಗಳಿಗೂ ಸಾವಿನ ಸುದ್ದಿ ತಲುಪಲಿ ಎಂಬುದು ಇದರ ಉದ್ದೇಶ. ಇಲ್ಲವಾದರೆ ಸುದ್ದಿ ತಲುಪದ ಸರ್ವರ್‌ನಿಂದ ಅಳಿಸಿದ ಮಾಹಿತಿ ಮತ್ತೆ ಎದ್ದು ಬರಬಹುದು.

ನಕಲು ಪ್ರತಿಗಳೂ ಹಿಂದೆ ಬೀಳುತ್ತವೆ

ದೊಡ್ಡ ಕಂಪನಿಗಳು ಒಂದೇ ಸರ್ವರ್ ನಂಬಿ ಕೂರುವುದಿಲ್ಲ. ಉದಾಹರಣೆಗೆ, 2022ರ ನವೆಂಬರ್‌ನಲ್ಲಿ ಆರಂಭವಾದ ಅಮೆಜಾನ್ ವೆಬ್ ಸರ್ವಿಸಸ್‌ನ ಹೈದರಾಬಾದ್ ಪ್ರದೇಶದಲ್ಲಿ ಪರಸ್ಪರ ಬೇರೆಯಾಗಿರುವ ಮೂರು ವಲಯಗಳಿವೆ. ಒಂದು ಕಡೆ ತೊಂದರೆಯಾದರೆ ಇನ್ನೊಂದು ಕಡೆಯ ನಕಲು, ಅಂದರೆ ‘ರೆಪ್ಲಿಕಾ’, ಕೈಹಿಡಿಯಲಿ ಎಂಬುದು ಇಂಥ ಏರ್ಪಾಡಿನ ಉದ್ದೇಶ.

ಮುಖ್ಯ ಸರ್ವರ್‌ನಲ್ಲಿ ಅಳಿಸಿದ ಪ್ರತಿ ಸಾಲಿನ ಸುದ್ದಿಯೂ ರೆಪ್ಲಿಕಾಗೆ ಹೋಗಿ ಅಲ್ಲೂ ಅಳಿಯಬೇಕು. ಕೋಟಿ ಸಾಲುಗಳ ಸುದ್ದಿ ಒಮ್ಮೆಲೇ ಬಂದರೆ ರೆಪ್ಲಿಕಾ ಹಿಂದೆ ಬೀಳುತ್ತದೆ. ಆ ಹೊತ್ತಿನಲ್ಲಿ ರೆಪ್ಲಿಕಾದಿಂದ ಓದುವವರಿಗೆ ಹಳೆಯ ಲೆಕ್ಕ ಕಾಣುತ್ತದೆ.

ಮಧ್ಯದಲ್ಲೇ ನಿಲ್ಲಿಸಿಬಿಟ್ಟರೆ?

ಐದು ಗಂಟೆಯಾದರೂ ಮುಗಿಯಲಿಲ್ಲ ಎಂದು ಆದೇಶ ರದ್ದು ಮಾಡಿದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಮೈಎಸ್‌ಕ್ಯುಎಲ್, ಒರಾಕಲ್‌ಗಳಲ್ಲಿ ಅಳಿಸಿದ್ದನ್ನೆಲ್ಲ ಅಂಡೂ ದಾಖಲೆ ನೋಡಿ ಒಂದೊಂದಾಗಿ ವಾಪಸ್ ಇಡಬೇಕು. ಇದು ಅಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಬೇಸತ್ತು ಸರ್ವರ್ ಅನ್ನೇ ಬಂದ್ ಮಾಡಿ ಮತ್ತೆ ಶುರುಮಾಡಿದರೂ ಪ್ರಯೋಜನವಿಲ್ಲ. ಎದ್ದ ಮೇಲೆ ಆ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ರದ್ದತಿ ಬೇಗ ಆಗುತ್ತದೆ, ಏಕೆಂದರೆ ಹಳೆಯ ಸಾಲು ಅಲ್ಲೇ ಇರುತ್ತದೆ.

ಟ್ರಂಕೇಟ್, ಡ್ರಾಪ್: ಇವು ಏಕೆ ವೇಗ?

ಟೇಬಲ್‌ನ ಎಲ್ಲ ಸಾಲುಗಳೂ ಬೇಡವೆಂದರೆ ‘ಟ್ರಂಕೇಟ್’, ಟೇಬಲ್ಲೇ ಬೇಡವೆಂದರೆ ‘ಡ್ರಾಪ್’ ಎಂಬ ಆದೇಶಗಳಿವೆ. ಇವು ಸಾಲುಗಳನ್ನು ಎಣಿಸುತ್ತಾ ಕೂರುವುದಿಲ್ಲ. ಪುಸ್ತಕವನ್ನೇ ಎತ್ತಿ ಬಿಸಾಡಿದಂತೆ. ನೂರು ಸಾಲಿದ್ದರೂ ನೂರು ಕೋಟಿ ಸಾಲಿದ್ದರೂ ಹೆಚ್ಚು ವ್ಯತ್ಯಾಸವಾಗದು.

ಆದರೆ ಇದಕ್ಕೂ ಬೆಲೆಯಿದೆ. ‘ಇಷ್ಟನ್ನು ಉಳಿಸಿ, ಅಷ್ಟನ್ನು ಅಳಿಸಿ’ ಎನ್ನಲು ಬರುವುದಿಲ್ಲ. ಮೈಎಸ್‌ಕ್ಯುಎಲ್, ಒರಾಕಲ್‌ಗಳಲ್ಲಿ ಟ್ರಂಕೇಟ್ ಮಾಡಿದ ಮೇಲೆ ‘ಬೇಡ, ವಾಪಸ್ ಕೊಡು’ ಎಂದು ರೋಲ್‌ಬ್ಯಾಕ್ ಮಾಡುವಂತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅಂತಿಮಗೊಳಿಸುವ ಮುನ್ನ ಅವಕಾಶವಿದೆ. ಒರಾಕಲ್‌ನಲ್ಲಿ ಡ್ರಾಪ್ ಮಾಡಿದ ಟೇಬಲ್ ಸಾಮಾನ್ಯವಾಗಿ ‘ರೀಸೈಕಲ್ ಬಿನ್’ಗೆ ಹೋಗುತ್ತದೆ.

ಡ್ರಾಪ್ ಕೂಡ ಕೆಲವೊಮ್ಮೆ ತಡವಾಗುವುದೇಕೆ?

ಇದಕ್ಕೆ ಮೂರು ಕಾರಣಗಳಿವೆ.

* ಕಾಯುವಿಕೆ: ಟೇಬಲ್ ಬಿಸಾಡಲು ಅದರ ಮೇಲೆ ಪೂರ್ಣ ಹಿಡಿತ ಬೇಕು. ಯಾರೋ ಉದ್ದನೆಯ ವರದಿ ಓದುತ್ತಿದ್ದರೆ ಡ್ರಾಪ್ ಕಾಯುತ್ತದೆ. ಅದರ ಹಿಂದೆ ಬಂದವರೆಲ್ಲ ಅದಕ್ಕಾಗಿ ಕಾಯುತ್ತಾರೆ. ಹೊರಗಿನಿಂದ ನೋಡುವವರಿಗೆ ಸೈಟ್ ಸ್ತಬ್ಧವಾದಂತೆ ಕಾಣುತ್ತದೆ.
* ಮೆಮೊರಿ ತಡಕಾಟ: ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಗಳಲ್ಲಿ ಡ್ರಾಪ್ ಮಾಡಿದಾಗ ಆ ಟೇಬಲ್‌ನ ಪೇಜ್‌ಗಳಿಗಾಗಿ ಇಡೀ ಮೆಮೊರಿ ಸಂಗ್ರಹವನ್ನು ಜಾಲಾಡಬೇಕಿತ್ತು. ಮೆಮೊರಿ ದೊಡ್ಡದಿದ್ದಷ್ಟೂ ತಡ! 2021ರ ಜನವರಿಯಲ್ಲಿ ಬಂದ 8.0.23 ಆವೃತ್ತಿಯಲ್ಲಿ ಇದನ್ನು ಸುಧಾರಿಸಲಾಯಿತು.
* ಫೈಲ್ ಗಾತ್ರ: ನೂರಾರು ಜಿಬಿಯ ಫೈಲ್ ಅಳಿಸಲು ಆಪರೇಟಿಂಗ್ ಸಿಸ್ಟಂಗೂ ಸಮಯ ಬೇಕು. ಲಿನಕ್ಸ್‌ನ ಹಳೆಯ ಎಕ್ಸ್ಟ್-3 ವ್ಯವಸ್ಥೆಯಲ್ಲಿ ಇದು ಹೆಚ್ಚು ಕಾಡುತ್ತಿತ್ತು.

2017ರ ಗಿಟ್‌ಲ್ಯಾಬ್ ಘಟನೆ ಹೇಳುವ ಪಾಠ

ನಿಧಾನ ಡಿಲೀಟ್ ಮತ್ತು ವೇಗದ ಡಿಲೀಟ್ ನಡುವಿನ ವ್ಯತ್ಯಾಸ ಜಗತ್ತಿಗೇ ಕಂಡದ್ದು 2017ರ ಜನವರಿ 31ರಂದು. ಸಾಫ್ಟ್‌ವೇರ್ ಕೋಡ್ ಸಂಗ್ರಹಿಸುವ ಗಿಟ್‌ಲ್ಯಾಬ್ ತಾಣದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಅಂದು ಒತ್ತಡ ಏರಿತ್ತು. ಸ್ಪ್ಯಾಮ್ ಹಾವಳಿ ಒಂದು ಕಾರಣ. ದುರ್ಬಳಕೆಯ ದೂರು ಬಂದಿದ್ದ ಒಂದೇ ಒಂದು ಖಾತೆಯನ್ನು, ಅದಕ್ಕೆ ಅಂಟಿದ ಮಾಹಿತಿ ಸಮೇತ ಅಳಿಸಲು ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಕೆಲಸವೂ ಒತ್ತಡ ಹೆಚ್ಚಿಸಿತ್ತು. ಅದು ಅವರದೇ ಉದ್ಯೋಗಿಯೊಬ್ಬರ ಖಾತೆ ಎಂಬುದು ಆಮೇಲೆ ತಿಳಿಯಿತು. ಇದನ್ನೆಲ್ಲ ಸಂಸ್ಥೆಯೇ ನಂತರ ಬಹಿರಂಗವಾಗಿ ವಿವರಿಸಿತು.

ಒತ್ತಡಕ್ಕೆ ರೆಪ್ಲಿಕಾ ಹಿಂದೆ ಬಿತ್ತು. ಅದನ್ನು ಹೊಸದಾಗಿ ಕಟ್ಟಲು ಅದರ ಡೇಟಾ ಫೋಲ್ಡರ್ ಖಾಲಿ ಮಾಡಲು ಹೋದಾಗ, ಆದೇಶ ಮುಖ್ಯ ಸರ್ವರ್‌ನಲ್ಲಿ ನಡೆದುಹೋಯಿತು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಕೊನೆಗೆ 6 ಗಂಟೆ ಹಿಂದಿನ ಪ್ರತಿಯಿಂದ ತಾಣ ಮರಳಿ ಎದ್ದಿತು. ಅಷ್ಟು ಹೊತ್ತಿನಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್ ಮತ್ತು 700 ಹೊಸ ಖಾತೆಗಳ ಮಾಹಿತಿಗೆ ಧಕ್ಕೆಯಾಯಿತು.

ಡೇಟಾಬೇಸ್ ಮೂಲಕ ಒಂದು ಖಾತೆ ಅಳಿಸುವುದೇ ಭಾರವಾಗಿತ್ತು. ಡೇಟಾಬೇಸ್‌ನ ಕಾವಲು ದಾಟಿ ಫೈಲ್ ಅಳಿಸಿದಾಗ 300 ಜಿಬಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮಾಯ. ಡಿಲೀಟ್ ನಿಧಾನವಾಗಲು ಕಾರಣವಾದ ಎಚ್ಚರಿಕೆಗಳು ಯಾರನ್ನು ಕಾಯುತ್ತಿವೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹಾಗಾದರೆ ಪರಿಹಾರವೇನು?

ಅನುಭವಿ ಡಿಬಿಎಗಳು ಸಾಮಾನ್ಯವಾಗಿ ಅನುಸರಿಸುವ ಮಾರ್ಗಗಳು ಇವು:

* ಕಂತುಗಳಲ್ಲಿ ಅಳಿಸುವುದು: ಒಮ್ಮೆಗೆ 5,000 ಸಾಲು ಅಳಿಸಿ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ 5,000. ಒಂದು ಕಂತಿಗೆ ಬಿಡುವೂ ಸೇರಿ ಒಂದು ಸೆಕೆಂಡ್ ಎಂದರೆ 100 ಕೋಟಿ ಸಾಲಿಗೆ 2 ಲಕ್ಷ ಸೆಕೆಂಡ್, ಅಂದರೆ ಎರಡು ದಿನಕ್ಕೂ ಹೆಚ್ಚು. ಒಟ್ಟು ಸಮಯ ಹೆಚ್ಚಾಯಿತು ನಿಜ, ಆದರೆ ಬಳಕೆದಾರರಿಗೆ ತೊಂದರೆ ಗೊತ್ತೇ ಆಗದು. ರೆಪ್ಲಿಕಾ ಹಿಂದೆ ಬೀಳದು. ಬೇಕೆಂದಾಗ ನಿಲ್ಲಿಸಬಹುದು.
* ಉಳಿಸುವುದನ್ನು ಎತ್ತಿಡುವುದು: ಶೇ 90ರಷ್ಟು ಅಳಿಸಬೇಕಿದ್ದರೆ, ಬೇಕಾದ ಶೇ 10ನ್ನು ಹೊಸ ಟೇಬಲ್‌ಗೆ ನಕಲಿಸಿ, ಹೆಸರು ಅದಲು ಬದಲು ಮಾಡಿ, ಹಳೆಯದನ್ನು ಡ್ರಾಪ್ ಮಾಡುವುದು. ನಕಲಿಸುವಾಗ ಬರುವ ಹೊಸ ಮಾಹಿತಿ ತಪ್ಪಿಹೋಗದಂತೆ ನೋಡಿಕೊಳ್ಳಬೇಕು.
* ಪಾರ್ಟಿಷನ್: ಟೇಬಲ್ ಕಟ್ಟುವಾಗಲೇ ತಿಂಗಳಿಗೊಂದು ಪೆಟ್ಟಿಗೆ ಮಾಡುವುದು. ಅವಧಿ ಮುಗಿದ ತಿಂಗಳ ಪೆಟ್ಟಿಗೆಯನ್ನು ಪೂರ್ತಿ ಎತ್ತಿ ಹೊರಗಿಟ್ಟರೆ ಮುಗಿಯಿತು. ಗಂಟೆಗಳ ಕೆಲಸ ಕ್ಷಣಗಳಲ್ಲಿ ಮುಗಿಯಬಹುದು.

ಪಾರ್ಟಿಷನ್ ಎಲ್ಲಕ್ಕಿಂತ ಉತ್ತಮ ದಾರಿಯಾದರೂ ಅದಕ್ಕೆ ಮುಂಚೆಯೇ ಯೋಚಿಸಿರಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಪಾರ್ಟಿಷನ್ ಮಾಡಿದ ಇನೋಡಿಬಿ ಟೇಬಲ್‌ಗೆ ಫಾರಿನ್ ಕೀ ಬಳಸುವಂತಿಲ್ಲ ಎಂಬಂಥ ಮಿತಿಗಳೂ ಇವೆ. 100 ಕೋಟಿ ಸಾಲು ತುಂಬಿದ ಮೇಲೆ ಪೆಟ್ಟಿಗೆ ಮಾಡಲು ಹೊರಟರೆ ಅದೇ ಒಂದು ದೊಡ್ಡ ಕೆಲಸ.

ಕಾನೂನು ಏನು ಹೇಳುತ್ತದೆ?

ಅಳಿಸುವುದು ಭಾರತದಲ್ಲಿ ಕಾನೂನಿನ ವಿಷಯವಾದದ್ದರ ಹಿಂದೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪು, ದೃಢೀಕರಣದ ದಾಖಲೆಗಳನ್ನು 6 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದಿತು. ಅದಕ್ಕೆ ಮುನ್ನ ನಿಯಮದಲ್ಲಿ 5 ವರ್ಷ ಇಡಲು ಅವಕಾಶವಿತ್ತು.

2023ರ ಕಾಯ್ದೆಯ ಪ್ರಕಾರ ನೀವು ಒಪ್ಪಿಗೆ ಹಿಂಪಡೆದರೆ ಅಥವಾ ಮಾಹಿತಿ ಪಡೆದ ಉದ್ದೇಶ ಮುಗಿದರೆ ಸಂಸ್ಥೆ ಅದನ್ನು ಅಳಿಸಬೇಕು. ಬೇರೆ ಕಾನೂನಿಗಾಗಿ ಇಟ್ಟುಕೊಳ್ಳಬೇಕಾದ ದಾಖಲೆಗಳಿಗೆ ವಿನಾಯಿತಿಯಿದೆ. ಉದಾಹರಣೆಗೆ, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬ್ಯಾಂಕ್‌ಗಳು ವಹಿವಾಟಿನ ದಾಖಲೆಗಳನ್ನು 5 ವರ್ಷ ಇಡಲೇಬೇಕು.

2025ರ ನವೆಂಬರ್‌ನಲ್ಲಿ ಹೊರಬಂದ ನಿಯಮಗಳು ಇನ್ನಷ್ಟು ನಿಖರವಾಗಿವೆ. 2 ಕೋಟಿ ನೋಂದಾಯಿತ ಬಳಕೆದಾರರಿರುವ ಇ-ಕಾಮರ್ಸ್ ಮತ್ತು ಸಾಮಾಜಿಕ ಜಾಲತಾಣಗಳು, 50 ಲಕ್ಷ ಬಳಕೆದಾರರಿರುವ ಆನ್‌ಲೈನ್ ಗೇಮಿಂಗ್ ಸಂಸ್ಥೆಗಳು, ಬಳಕೆದಾರ 3 ವರ್ಷ ಇತ್ತ ಸುಳಿಯದಿದ್ದರೆ ಅವರ ಮಾಹಿತಿ ಅಳಿಸಬೇಕು. 48 ಗಂಟೆ ಮೊದಲು ತಿಳಿಸಬೇಕು. ಇದಕ್ಕೆ ಸಜ್ಜಾಗಲು ನಿಯಮ ಪ್ರಕಟವಾದಾಗ 18 ತಿಂಗಳ ಕಾಲಾವಕಾಶ ನೀಡಲಾಯಿತು.

ಕೋಟಿಗಟ್ಟಲೆ ಬಳಕೆದಾರರ ಸಾಲುಗಳು ಹತ್ತಾರು ಟೇಬಲ್‌ಗಳಲ್ಲಿ ಹರಡಿರುವ ಸಂಸ್ಥೆಗೆ ಇದು ಒಂದು ಬಟನ್‌ನ ಕೆಲಸವಲ್ಲ. ಅಳಿಸುವ ಯೋಜನೆಯನ್ನು ಟೇಬಲ್ ಕಟ್ಟುವ ದಿನವೇ ಮಾಡದಿದ್ದರೆ ಕಾನೂನಿನ ಗಡುವೂ ಸರ್ವರ್‌ನ ವೇಗವೂ ಒಂದಕ್ಕೊಂದು ಹೊಂದಲಾರವು.

ನಿಮ್ಮ ಖಾತೆ ಅಳಿಸಿದರೆ ಏನಾಗುತ್ತದೆ?

ಫೇಸ್‌ಬುಕ್ ಖಾತೆ ಅಳಿಸಲು ಕೋರಿದರೆ ಮನಸ್ಸು ಬದಲಿಸಲು 30 ದಿನ ಸಿಗುತ್ತದೆ. ಎಲ್ಲ ಮಾಹಿತಿ ಅಳಿಯಲು 90 ದಿನದವರೆಗೂ ಹಿಡಿಯಬಹುದು ಎಂದು ಮೆಟಾ ಹೇಳುತ್ತದೆ. ಗೂಗಲ್ ಸಾಮಾನ್ಯವಾಗಿ ಸುಮಾರು 2 ತಿಂಗಳು ಎನ್ನುತ್ತದೆ. ಬ್ಯಾಕಪ್‌ಗಳಲ್ಲಿ 6 ತಿಂಗಳವರೆಗೂ ಉಳಿಯಬಹುದು. ಈ ಅವಧಿಗಳ ಹಿಂದೆ ಮೇಲೆ ಹೇಳಿದಂಥ ಕೆಲಸಗಳೇ ಇವೆ: ಹತ್ತಾರು ಸರ್ವರ್, ನಕಲು, ಇಂಡೆಕ್ಸ್, ಬ್ಯಾಕಪ್.

ಬ್ಯಾಕಪ್‌ನೊಳಗಿನ ಒಂದೊಂದು ಸಾಲು ಹುಡುಕುವುದು ಇನ್ನೂ ಕಷ್ಟ. ಹಾಗಾಗಿ ಪ್ರತಿ ಬಳಕೆದಾರನ ಮಾಹಿತಿಯನ್ನು ಪ್ರತ್ಯೇಕ ಡಿಜಿಟಲ್ ಕೀಲಿಯಿಂದ ಗೂಢಲಿಪಿಯಲ್ಲಿಟ್ಟು, ಅಳಿಸಬೇಕಾದಾಗ ಕೀಲಿಯನ್ನಷ್ಟೇ ನಾಶ ಮಾಡುವ ವಿಧಾನವೂ ಬಳಕೆಯಲ್ಲಿದೆ. ಕೀಲಿ ಹೋದ ಮೇಲೆ ಪೆಟ್ಟಿಗೆ ಇದ್ದರೂ ಒಳಗಿನದನ್ನು ಯಾರೂ ಓದಲಾರರು.

ಖಾತೆ ಅಳಿಸುವ ಮುನ್ನ ಇದನ್ನು ನೆನಪಿಡಿ

* ಆ್ಯಪ್ ಅನ್ನು ಫೋನ್‌ನಿಂದ ತೆಗೆದುಹಾಕಿದರೆ ಕಂಪನಿಯ ಡೇಟಾಬೇಸ್‌ನಲ್ಲಿರುವ ನಿಮ್ಮ ಖಾತೆ ಅಳಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಖಾತೆ ಅಳಿಸುವ ಆಯ್ಕೆಯನ್ನೇ ಬಳಸಿ.
* ‘ಡಿಆ್ಯಕ್ಟಿವೇಟ್’ ಬೇರೆ, ‘ಡಿಲೀಟ್’ ಬೇರೆ. ಮೊದಲನೆಯದರಲ್ಲಿ ಮಾಹಿತಿ ಹಾಗೇ ಇರುತ್ತದೆ.
* ಬೇಕಾದ ಫೋಟೋ, ಬಿಲ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಗಡುವು ಮುಗಿದ ಮೇಲೆ ವಾಪಸ್ ಸಿಗುವ ಭರವಸೆಯಿಲ್ಲ.
* ಅಳಿಸಲು ಕೋರಿದ ದಿನಾಂಕದ ಸ್ಕ್ರೀನ್‌ಶಾಟ್ ಅಥವಾ ಇಮೇಲ್ ಇಟ್ಟುಕೊಳ್ಳಿ. ಕಂಪನಿ ಹೇಳಿದ ಅವಧಿ ಮೀರಿದರೆ ಅದರ ದೂರು ಪರಿಹಾರ ವಿಭಾಗವನ್ನು ಮೊದಲು ಸಂಪರ್ಕಿಸಿ, ಆ ದಾಖಲೆಯನ್ನೂ ಲಗತ್ತಿಸಿ.